ಬಿಳಿ ಕಾಗೆ ಪಿಂಡ ಮುಟ್ಟಿದ ದಿನ

ಗೌರಿಬಿದನೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳುವ ನಾನು ಒಂದು ಕಾಗೆಯನ್ನು ಕಂಡು ಚೀರಿದೆ. ಮೇಷ್ಟ್ರ ಗತ್ತಿಗೆ ಒಪ್ಪುವ ಮಾತಲ್ಲ. ಆದರೆ ಚೀರಿದ್ದು ನಿಜ, ಕೇಳಿಸಿಕೊಂಡವರೂ ಇದ್ದಾರೆ.

ಅವತ್ತು ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಅಪ್ಪನ ತಿಥಿ. ತಾರಸಿಯ ಮೇಲೆ ಬಾಳೆಲೆಯಲ್ಲಿ ಪಿಂಡ ಇಟ್ಟು ನಾನು, ಅಮ್ಮ, ಶಾಸ್ತ್ರಿಗಳು ನೀರಿನ ಟ್ಯಾಂಕಿನ ನೆರಳಲ್ಲಿ ಕಾಯುತ್ತಿದ್ದೆವು. ಕಾಗೆ ಮುಟ್ಟದೆ ನಮಗೆ ಊಟವಿಲ್ಲ. ಒಣಹಾಕಿದ ಸಂಡಿಗೆಗೆ ದಂಡೆತ್ತಿ ಬರುವ ಕಾಗೆಗಳು ತಿಥಿಯ ದಿನ ಮಾತ್ರ ಗಂಡಿನ ಕಡೆಯ ಬೀಗರಂತೆ ಬಿಂಕ ಮಾಡುತ್ತವೆ. "ಕಾ ಕಾ" ಎಂದು ಕೂಗಿ ಕೂಗಿ ನನ್ನ ಗಂಟಲು ಒಣಗಿತ್ತು.

ಆಗ ಒಂದು ಬಂದು ಎಲೆಯ ಮುಂದೆ ಕೂತಿತು. ಕಾಗೆಯದೇ ಕೊಕ್ಕು, ಕಾಗೆಯದೇ ಓರೆನೋಟ. ಮೈ ಮಾತ್ರ ಹಾಲಿನಷ್ಟು ಬಿಳಿ, ಕಣ್ಣು ಕೆಂಪು! ಪಾರಿವಾಳವೇನೋ ಅಂದುಕೊಳ್ಳುವಷ್ಟರಲ್ಲಿ ಅದು "ಕಾ" ಎಂದಿತು. ನಾನು ಚೀರಿದ್ದು ಆಗಲೇ.

"ಅಯ್ಯೋ ರಾಮ!" ಶಾಸ್ತ್ರಿಗಳು ಎರಡು ಹೆಜ್ಜೆ ಹಿಂದೆ ಸರಿದರು. "ಇದು ಮುಟ್ಟಿದ್ರೆ ಲೆಕ್ಕಕ್ಕೆ ಬರುತ್ತೋ ಇಲ್ವೋ ನಂಗೊತ್ತಿಲ್ಲಪ್ಪ. ಓಡ್ಸಿಬಿಡಿ, ಕರಿ ಕಾಗೆ ಬರ್ಲಿ."

"ಇದೂ ಕಾಗೆನೇ ಶಾಸ್ತ್ರಿಗಳೇ. ಮೆಲನಿನ್ ಅಂತ ಒಂದು ಬಣ್ಣ ಇರುತ್ತೆ. ಇದರ ಮೈಯಲ್ಲಿ ಅದು ಹುಟ್ಟಿಲ್ಲ, ಅಷ್ಟೇ. ಕಣ್ಣಲ್ಲೂ ಇಲ್ಲದೆ ಒಳಗಿನ ರಕ್ತದ ಕೆಂಪು ಕಾಣ್ತಿದೆ" ಎಂದೆ. ಪಾಠ ಸರಿಯಾಗಿಯೇ ಇತ್ತು, ಹೇಳಿದ್ದು ಮಾತ್ರ ಟ್ಯಾಂಕಿನ ಮರೆಯಿಂದ. ಎಮ್ಮೆಯ ಚರ್ಮ, ಮೇಕೆಯ ನಾಲಿಗೆಯ ಮಚ್ಚೆ, ನನ್ನ ತಲೆಯಲ್ಲಿ ಇನ್ನೂ ಉಳಿದಿರುವ ಒಂದಿಷ್ಟು ಕೂದಲು, ಎಲ್ಲದರಲ್ಲೂ ಇರುವುದು ಅದೇ ಕಪ್ಪು. ಆದರೂ ಕಾಗೆಯಿಂದ ಕಪ್ಪನ್ನು ಕಳೆದರೆ ಮನುಷ್ಯನಿಗೆ ಎದೆ ಝಲ್ಲೆನ್ನುತ್ತದೆ.

ಕಾಗೆಗಳಿಗೂ ಹಾಗೇ ಅನ್ನಿಸಿತೋ ಏನೋ. ಅಷ್ಟು ಹೊತ್ತು ಕಾಣದಿದ್ದ ಕರಿ ಕಾಗೆಗಳು ಎಲ್ಲಿಂದಲೋ ಹಾರಿಬಂದು ಅದನ್ನು ಕುಕ್ಕಿ ಕುಕ್ಕಿ ಎಲೆಯಿಂದಾಚೆ ಅಟ್ಟಿದವು. ಶಾಸ್ತ್ರಿಗಳು ಸಮಾಧಾನದ ಉಸಿರುಬಿಟ್ಟರು.

ಅಮ್ಮ ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡಳು. ತಿಥಿಯ ದಿನ, ಪಿಂಡದ ಹತ್ತಿರ, ಪೊರಕೆ!

"ಹೋಗ್ರೋ ಆಚೆ! ಅದನ್ನ ಎಲೆ ಮುಂದಿಂದ ಎಬ್ಬಿಸ್ತೀರಾ?"

ಕರಿ ಕಾಗೆಗಳೆಲ್ಲ ಎದ್ದವು.

ಅಪ್ಪನಿಗೆ ತೊನ್ನಿತ್ತು. ಕೈ, ಕತ್ತು, ತುಟಿ ಎಲ್ಲ ಬೆಳ್ಳಗಾಗಿದ್ದವು. ಬಣ್ಣ ಹೋಗಿದೆಯಷ್ಟೇ, ಅಂಟುವ ಕಾಯಿಲೆಯಲ್ಲ ಎಂದು ನಾನು ಯಾರಿಗೆ ಹೇಳಿದರೂ ತಲೆಯಾಡಿಸುತ್ತಿದ್ದರು. ಮದುವೆಮನೆಯಲ್ಲಿ ಮಾತ್ರ ಅಪ್ಪನ ಪಕ್ಕದ ಎಲೆಯಿಂದ ಎದ್ದು ಹೋಗುತ್ತಿದ್ದರು. ಶಿಡ್ಲಘಟ್ಟದಲ್ಲಿ ನಡೆದ ನಮ್ಮ ನೆಂಟರ ಮದುವೆಯಲ್ಲಿ ಬಡಿಸುವವನು ಅವರಿಗೆ ಎಲೆಯನ್ನು ಬೇರೆಯೇ ಹಾಕಿದ. ಆಮೇಲೆ ಅಪ್ಪ ಯಾರ ಮನೆ ಊಟಕ್ಕೂ ಹೋಗಲಿಲ್ಲ.

ಬಿಳಿ ಕಾಗೆ ಹೆದರುತ್ತ ಹೆದರುತ್ತ ಮತ್ತೆ ಬಂತು. ಅದು ತಿಂದು ಮುಗಿಸುವವರೆಗೂ ಅಮ್ಮ ಪೊರಕೆ ಹಿಡಿದು ಕಾವಲು ನಿಂತಳು.

ಶಾಸ್ತ್ರಿಗಳು ಮೆಲ್ಲಗೆ, "ಆಯ್ತಮ್ಮ, ಪಿತೃಗಳಿಗೆ ತೃಪ್ತಿಯಾಯ್ತು" ಎಂದರು.

"ಪಿತೃಗಳ ವಿಷಯ ನೀವೇ ಬಲ್ಲಿರಿ. ನಮ್ಮನೆಯವರು ಮಾತ್ರ ಇವತ್ತು ಎಲೆ ಮುಂದೆ ಕೂತು ನೆಮ್ಮದಿಯಾಗಿ ಉಂಡರು" ಎಂದು ಅಮ್ಮ ಪೊರಕೆ ಕೆಳಗಿಟ್ಟು, ಕೈ ತೊಳೆದು, ನಮಗೆ ಬಡಿಸಲು ಹೋದಳು.