ಬಂದು ಹೋದವಳು

ಆ ಕಾಲವೇ ಚೆನ್ನಾಗಿತ್ತು ಎಂದು ಯಾರಾದರೂ ನನ್ನೆದುರು ಹೇಳಿದರೆ ನಾನು ಅರ್ಧದವರೆಗೆ ಮಾತ್ರ ತಲೆಯಾಡಿಸುತ್ತೇನೆ. ತೊಂಬತ್ತರ ದಶಕದ ನಮ್ಮ ಹಾನುಬಾಳಿನ ಕಡೆಯ ಬೇಸಿಗೆ ನನಗೂ ಬೇಕು. ಹೂಮಳೆ ಬಿದ್ದು ಎಂಟನೇ ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಕಾಫಿ ಹೂವಿನ ವಾಸನೆ ಸ್ಕೂಲಿನ ಕಿಟಕಿಯವರೆಗೂ ಬರುತ್ತಿತ್ತು. ಕಣದಲ್ಲಿ ಮೆಣಸು ಒಣಗುತ್ತಿತ್ತು. ಅದರ ಮೇಲೆ ಓಡಿ ಬೈಸಿಕೊಳ್ಳುವುದು, ಕುಂಟೆಬಿಲ್ಲೆ ಆಡುವುದು, ಹಲಸಿನ ಹಪ್ಪಳಕ್ಕೆ ಕಾವಲು ಕೂರುವ ನೆಪದಲ್ಲಿ ಹಸಿ ಹಪ್ಪಳವನ್ನೇ ತಿಂದು ಮುಗಿಸುವುದು. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ "ಆಗ ಜನ ಒಬ್ಬರಿಗೊಬ್ಬರು ಆಗುತ್ತಿದ್ದರು" ಅನ್ನುವ ಮಾತು ಬರುತ್ತದೆ ನೋಡಿ, ಅಲ್ಲಿ ನನಗೆ ಸಿಟ್ಟು ನೆತ್ತಿಗೇರುತ್ತದೆ. ಯಾರಿಗೆ ಯಾರು ಆದರು ಎಂದು ಕೇಳಬೇಕೆನಿಸುತ್ತದೆ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಮೆಣಸಿನ ಕೊಯ್ಲಿನ ಹೊತ್ತಿಗೆ, ನನಗೆ 'ಅಮ್ಮ' ಬಂತು. ಅಂದರೆ ಜ್ವರ ಬಂದು ಮೈಮೇಲೆಲ್ಲ ನೀರುಗುಳ್ಳೆ ಎದ್ದವು. ಮೈಮೇಲೆ ಏನೇ ಎದ್ದರೂ ನಮ್ಮೂರಿನಲ್ಲಿ ಅದೊಂದೇ ಹೆಸರು. ದಡಾರವಾದರೂ ಅಮ್ಮ, ಸೀತಾಳೆಯಾದರೂ ಅಮ್ಮ, ಹಿಂದೆ ಮನೆ ಮನೆಗಳನ್ನೇ ಖಾಲಿ ಮಾಡಿದ್ದ ಸಿಡುಬೂ ಅಮ್ಮ. ಹೆಸರು ಒಂದೇ ಆದ್ದರಿಂದ ಕಟ್ಟಳೆಯೂ ಒಂದೇ. ಒಮ್ಮೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲ, ಹಾಗಾಗಿ ಮಲಗಿದವರನ್ನು ಬಂದು ಹೋದವರೇ ನೋಡಿಕೊಳ್ಳಬೇಕು. ಈ ಕಟ್ಟಳೆಯನ್ನು ನೆನಪಿಟ್ಟುಕೊಳ್ಳಿ, ನನ್ನ ಜಗಳವೆಲ್ಲ ಅದರ ಜೊತೆಗೇ.

ನನ್ನ ಅವ್ವನಿಗೆ ಬಂದಿರಲಿಲ್ಲ, ಮೇಲಾಗಿ ತಮ್ಮ ಇನ್ನೂ ಕೈಗೂಸು. ಇಬ್ಬರನ್ನೂ ಆಲೂರಿನ ಆಚೆಯ ತವರಿಗೆ ಕಳಿಸಿದರು. ಬಿಟ್ಟು ಬರಲು ಹೋದ ಅಪ್ಪ ಬರುವಾಗ ಒಂದು ಹೊರೆ ಬೇವಿನ ಸೊಪ್ಪು ತಂದರು. ನಮ್ಮ ಮಳೆಸೀಮೆಯಲ್ಲಿ ಬೇವು ಹುಡುಕಿದರೂ ಸಿಗುವುದಿಲ್ಲ, ಬಯಲಿನ ಕಡೆಯಿಂದಲೇ ತರಬೇಕು. ಜೀಪು ರಿಪೇರಿಗೆ ಬಿಟ್ಟಿದ್ದರಿಂದ ಬಸ್ಸಿನಲ್ಲಿ ಬಂದಿದ್ದರು. ಬೇವಿನ ಹೊರೆ ಕಂಡು ಪಕ್ಕದಲ್ಲಿ ಯಾರೂ ಕೂರಲಿಲ್ಲವಂತೆ, ಸಕಲೇಶಪುರದವರೆಗೂ ಮೂವರ ಸೀಟಿನಲ್ಲಿ ಒಬ್ಬನೇ ಕಾಲು ಚಾಚಿ ಬಂದೆ ಎಂದು ನಗುತ್ತಿದ್ದರು. ಆಗ ನನಗೂ ನಗು ಬಂದಿತ್ತು.

ಇನ್ನು ನನ್ನನ್ನು ನೋಡಿಕೊಳ್ಳುವವರು ಯಾರು? ಅಜ್ಜಿ ನಮ್ಮ ತೋಟದ ಲೈನಿಗೆ, ಅಂದರೆ ಆಳುಗಳ ಮನೆಸಾಲಿಗೆ, ಹೇಳಿಕಳಿಸಿ ದೇವೀರಿಯನ್ನು ಕರೆಸಿದರು.

ದೇವೀರಿ ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ ಹೆಂಗಸು. ಗಂಡ ಇರಲಿಲ್ಲ. ಮಗಳು ರತ್ನ ನನ್ನದೇ ಕ್ಲಾಸು, ನನ್ನದೇ ಬೆಂಚು. ದೇವೀರಿಗೆ ಸಣ್ಣವಳಿದ್ದಾಗ ಸಿಡುಬು ಬಂದು ಮುಖದ ತುಂಬ ಗುಳಿ ಉಳಿದಿದ್ದವು. ಅದಕ್ಕೇ ಊರಿನ ಬೇರೆ ಮನೆಗಳಲ್ಲಿ ಅಮ್ಮ ಬಂದಾಗಲೂ ನೋಡಿಕೊಳ್ಳಲು ಅವಳನ್ನೇ ಕರೆಯುತ್ತಿದ್ದರು. ಅವಳ ಜಾತಿಯವರು ನಮ್ಮ ಮನೆಯ ಹಿಂಬಾಗಿಲಿನ ಮೆಟ್ಟಿಲು ದಾಟುತ್ತಿರಲಿಲ್ಲ. ಹತ್ತು ವರ್ಷದ ನಾನೂ ಅವಳನ್ನು ಹೋಗೇ ಬಾರೇ ಅನ್ನುತ್ತಿದ್ದೆ. ಈಗ ಬರೆಯುವಾಗಲೂ 'ಅವಳು' ಎಂದೇ ಕೈ ಓಡುತ್ತದೆ, ಅಷ್ಟು ಚೆನ್ನಾಗಿ ಕಲಿಸಿದ್ದಾರೆ.

ಅವತ್ತು ಅಜ್ಜಿಯ ಬಾಯಲ್ಲಿ ಆ ಹೆಸರು ಇದ್ದಕ್ಕಿದ್ದಂತೆ ಉದ್ದವಾಯಿತು. "ದೇವೀರಮ್ಮ, ನಿಂಗೆ ಬಂದು ಹೋಗೈತೆ ಕಣವ್ವ, ನೀನೇ ನೋಡ್ಕಬೇಕು. ಒಳಕ್ ಬಾ" ಎಂದರು. ದೇವೀರಿ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು, ಸೀರೆಯ ತುದಿಯಲ್ಲಿ ಕಾಲು ಒರೆಸಿಕೊಂಡು ಒಳಗೆ ಬಂದಳು. ನಮ್ಮ ನಡುಮನೆಯನ್ನು ಅವಳು ನೋಡಿದ್ದು ಅದೇ ಮೊದಲು.

ಅಜ್ಜಿಗೂ ಬಂದು ಹೋಗಿತ್ತು. ಅವರ ಮೊಣಕೈಯ ಮೇಲೆ ಗುಳ್ಳೆಯ ಕಲೆಗಳಿದ್ದವು, ನಾನು ಎಷ್ಟೋ ಸಲ ಬೆರಳಿಟ್ಟು ಎಣಿಸಿದ್ದೆ. ಆದರೂ ಕೀವು ಒರೆಸುವ ಕೆಲಸಕ್ಕೆ ಲೈನಿನಿಂದ ಜನ ಬೇಕಾಯಿತು. ಇದು ನನಗೆ ಹೊಳೆಯಲು ಬಹಳ ವರ್ಷ ಹಿಡಿಯಿತು.

ಒಂಬತ್ತು ದಿನ ದೇವೀರಿ ನನ್ನ ಮಗ್ಗುಲು ಬಿಡಲಿಲ್ಲ. ಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲ, ಮೀನು ಮಾಂಸದ ಮಾತಿಲ್ಲ. ಮಜ್ಜಿಗೆ ಅನ್ನ, ಎಳನೀರು, ತಣ್ಣಗಿನ ರಾಗಿ ಅಂಬಲಿ. ಕೋಣೆಯೊಳಗೆ ಬೇವು, ಅರಿಶಿನ ಮತ್ತು ದೇವೀರಿಯ ಎಲೆ ಅಡಿಕೆಯ ವಾಸನೆ ಬೆರೆತಿರುತ್ತಿತ್ತು. ಹುಣಸೆ ಬೀಜ ಹಾಕಿ ಅಳಗುಳಿಮಣೆ ಆಡಿಸುತ್ತಿದ್ದಳು. ಪ್ರತಿ ಸಲವೂ ನಾನೇ ಗೆಲ್ಲುತ್ತಿದ್ದೆ, ಅವಳು ಬೇಕೆಂದೇ ಲೆಕ್ಕ ತಪ್ಪುತ್ತಿದ್ದಳು ಎನ್ನುವುದು ಗೊತ್ತಾಗುತ್ತಿರಲಿಲ್ಲ. ಕಡಿತ ತಡೆಯಲಾರದೆ ಉಗುರು ಹಾಕಲು ಹೋದರೆ ನನ್ನ ಎರಡೂ ಕೈಗಳನ್ನು ತನ್ನ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದರಲ್ಲಿ ಬೇವಿನ ಎಸಳಿನಿಂದ ಮೆಲ್ಲಗೆ ಸವರುತ್ತಿದ್ದಳು.

"ಕೆರ್ಕಂಡ್ರೆ ನನ್ ಮುಖ ಆಯ್ತದೆ ನೋಡಿ, ಪುಟ್ಟವ್ವಾರೆ" ಅನ್ನುತ್ತಿದ್ದಳು.

ನನ್ನ ಗುಳ್ಳೆ ಮುಟ್ಟಿದ ಕೈಗೆ ನಡುಮನೆಯಲ್ಲಿ ತಡೆಯಿರಲಿಲ್ಲ, ಊಟಕ್ಕೆ ಮಾತ್ರ ಅವಳು ಹಿಂದಿನ ಜಗಲಿಗೆ ಹೋಗಿ ಬಾಳೆ ಎಲೆ ಹಾಸಿಕೊಳ್ಳಬೇಕಿತ್ತು.

ಒಂಬತ್ತನೇ ದಿನ ಬಿಸಿಲಿಗಿಟ್ಟ ನೀರಿಗೆ ಬೇವು, ಅರಿಶಿನ ಹಾಕಿ ನನಗೆ ಸ್ನಾನ ಮಾಡಿಸಿದರು. ತಂಬಿಟ್ಟಿನ ಆರತಿಯಾಯಿತು. ಅಜ್ಜಿ ದೇವೀರಿಗೆ ಒಂದು ಹಳೆ ಸೀರೆ, ಒಂದಷ್ಟು ಅಕ್ಕಿ ಕೊಟ್ಟರು. ಅವಳು ಮೆಟ್ಟಿಲು ಇಳಿದ ಮೇಲೆ ಒಳಗಿನಿಂದಲೇ, "ದೇವೀರಿ, ನಾಳೆ ಮೆಣಸು ತುಳಿಯಾಕೆ ಬಂದ್ಬುಡು" ಎಂದರು. ಹೆಸರು ಮತ್ತೆ ಮೊಟಕಾಗಿತ್ತು. ಕೋಣೆಯನ್ನು ಗಂಜಲ ಹಾಕಿ ಎರಡು ಸಲ ತೊಳೆಸಿದರು. ಒಂದು ಸಲ ಕಾಯಿಲೆಗೆ, ಇನ್ನೊಂದು ಸಲ ಯಾತಕ್ಕೆ ಎಂದು ನಾನು ಕೇಳಲಿಲ್ಲ.

ಎರಡು ವಾರ ಕಳೆದಿರಬೇಕು. ಕಣದಲ್ಲಿ ಮೆಣಸು ತುಳಿಯುತ್ತಿದ್ದ ದೇವೀರಿ ಮೈ ಕಾಯ್ತಾ ಐತೆ ಎಂದು ಕೂತುಬಿಟ್ಟಳು. ಕುತ್ತಿಗೆಯಲ್ಲಿ ಒಂದೆರಡು ಗುಳ್ಳೆ ಕಂಡವು. ಅಜ್ಜಿ ನಂಬಲಿಲ್ಲ. ಬಂದು ಹೋದವಳಿಗೆ ಮತ್ತೆ ಬರಾಕಿಲ್ಲ, ಬಿಸಿಲಿಗೆ ಎದ್ದಿರೋ ಬೆವರುಗುಳ್ಳೆ ಅಷ್ಟೇ, ಕೆಲಸ ತಪ್ಪಿಸೋಕೆ ನೆವ ಎಂದರು. ಜ್ವರದ ಮೈಯಲ್ಲೇ ಅವಳು ಇನ್ನೂ ಎರಡು ದಿನ ಮೆಣಸು ತುಳಿದಳು. ಮೂರನೇ ದಿನ ಮುಖ, ಬೆನ್ನು, ಬಾಯಿಯೊಳಗೆಲ್ಲ ಎದ್ದಾಗ ಯಾರಿಗೂ ನೆವ ಅನ್ನಲಾಗಲಿಲ್ಲ. ಆಗ ಮಾತು ಬೇರೆಯಾಯಿತು. ಅಮ್ಮ ಎರಡನೇ ಸಲ ಬರಬೇಕಾದರೆ ಇವಳು ಏನೋ ಮೈಲಿಗೆ ಮಾಡಿಕೊಂಡಿರಬೇಕು, ಆ ತಾಯಿ ಮುನಿದಿದ್ದಾಳೆ ಎಂದು ಅಜ್ಜಿ ತೀರ್ಮಾನ ಕೊಟ್ಟರು. ಒಂಬತ್ತು ದಿನ ನನ್ನ ಕೀವು ಒರೆಸಿದವಳ ಮೇಲೆ ಆ ಒಂದು ಮಾತಿನಿಂದ ತಪ್ಪು ಬಿತ್ತು.

ಲೈನಿನ ಉಳಿದ ಮೂರು ಮನೆಯವರು ಮಕ್ಕಳನ್ನು ಕಟ್ಟಿಕೊಂಡು ನೆಂಟರೂರಿಗೆ ಹೋದರು. ಅವರಲ್ಲಿ ಯಾರಿಗೂ ಬಂದು ಹೋಗಿರಲಿಲ್ಲ, ಹೆದರಿದರು. ಅವರನ್ನು ನಾನು ದೂರುವುದಿಲ್ಲ. ದೇವೀರಿಯ ಹತ್ತಿರ ಉಳಿದವಳು ಸ್ಕೂಲು ಬಿಟ್ಟು ಕೂತ ರತ್ನ ಒಬ್ಬಳೇ.

ಒಂದು ದಿನ ಬೆಳಗ್ಗೆ ರತ್ನ ನಮ್ಮ ಅಂಗಳಕ್ಕೆ ಬಂದಳು. ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ರಿಪೇರಿಯಾಗಿ ಬಂದ ಜೀಪು ಅಲ್ಲೇ ನಿಂತಿತ್ತು.

"ಗೌಡ್ರೇ, ಅವ್ವಂಗೆ ಉಸ್ರು ಎಳ್ಯಾಕೆ ಆಯ್ತಿಲ್ಲ. ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು" ಎಂದಳು.

ಅಪ್ಪ ಪೇಪರ್ ಕೆಳಗಿಟ್ಟು ಅಜ್ಜಿಯ ಮುಖ ನೋಡಿದರು. ಅಮ್ಮ ಮೈಮೇಲಿರುವಾಗ ಸೂಜಿ ಚುಚ್ಚಿಸಿದರೆ ಇಡೀ ಊರಿಗೇ ಕೇಡು, ಬೇವಿನ ಸೊಪ್ಪು ಉಳಿದಿದೆ, ಒಯ್ಯಲಿ ಎಂದರು ಅಜ್ಜಿ. ಅಪ್ಪ ಡಿಗ್ರಿ ಓದಿದವರು. ನಾಳೆವರೆಗೂ ನೋಡೋಣ ಎಂದು ಹೇಳಿ ಪೇಪರ್ ಮತ್ತೆ ಎತ್ತಿಕೊಂಡರು. ಅಜ್ಜಿಗಾದರೂ ದೇವರ ಹೆದರಿಕೆಯಿತ್ತು. ಅಪ್ಪನಿಗೆ ಯಾತರ ಹೆದರಿಕೆಯಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಕಂಬದ ಹಿಂದೆ ನಿಂತಿದ್ದೆ. ಕಟ್ಟಳೆ ನೆನಪಾಗಿ, "ಅಜ್ಜಿ, ನಂಗೆ ಬಂದು ಹೋಗೈತಲ್ಲ, ನಾನು ಹೋಗಿ ನೋಡ್ಕೊತೀನಿ" ಎಂದೆ.

ಅಜ್ಜಿ ನನ್ನ ರಟ್ಟೆ ಹಿಡಿದು ಒಳಗೆಳೆದುಕೊಂಡರು. "ಬಂದು ಹೋದ್ರೆ? ಅವರ ಮನೆ ಒಳಕ್ಕೆ ಹೋಯ್ತಾರಾ ಯಾರಾದ್ರೂ?" ಎಂದರು.

ಅಂಗಳದಲ್ಲಿ ನಿಂತಿದ್ದ ರತ್ನ ಇದೆಲ್ಲವನ್ನೂ ಕೇಳಿಸಿಕೊಂಡಳೋ ಇಲ್ಲವೋ. ಬೇವಿನ ಸೊಪ್ಪನ್ನು ಮುಟ್ಟದೆ ಇಳಿದು ಹೋದಳು.

ಮಾರನೆಯ ದಿನ ಅಪ್ಪ ಯಾರಿಗೂ ಹೇಳದೆ ಜೀಪು ತೆಗೆದರು. ಮಧ್ಯಾಹ್ನದ ಹೊತ್ತಿಗೆ ವಾಪಸು ಬಂದರು. ಆಸ್ಪತ್ರೆಯಲ್ಲಿ, ಎದೆಯೆಲ್ಲ ಕಟ್ಟಿಬಿಟ್ಟಿದೆ, ನಿನ್ನೆಯೇ ತಂದಿದ್ದರೆ ನೋಡಬಹುದಿತ್ತು ಎಂದರಂತೆ. ಜೀಪಿನ ಹಿಂದಿನ ಸೀಟನ್ನು ಅರಿಶಿನದ ನೀರು ಹಾಕಿ ತೊಳೆದರು. ಸಂಜೆ ಅಜ್ಜಿ ಯಾರಿಗೋ, "ಪಾಪ, ದೇವೀರಮ್ಮ ಒಳ್ಳೇವಳು, ತಾಯೇ ಕರ್ಕಂಡ್ಬುಟ್ಲು" ಎಂದು ಹೇಳುತ್ತಿದ್ದರು. ಆಮೇಲೆ ಆ ಹೆಸರು ಮೊಟಕಾಗಲಿಲ್ಲ. ಪೂರ್ತಿ ಹೆಸರು ಉಳಿಯಬೇಕಾದರೆ ಅವಳು ಸಾಯಬೇಕಿತ್ತು.

ಎಷ್ಟೋ ವರ್ಷದ ಮೇಲೆ, ನನ್ನ ಮಗುವಿಗೆ ಸೀತಾಳೆಯ ಲಸಿಕೆ ಹಾಕಿಸಲು ಹಾಸನಕ್ಕೆ ಹೋಗಿದ್ದಾಗ ಡಾಕ್ಟರ ಬಳಿ ಇದನ್ನು ಹೇಳಿದೆ. ಅವರು ಸಮಾಧಾನದಿಂದ ಬಿಡಿಸಿ ಹೇಳಿದರು. ಸಿಡುಬು ಬೇರೆ, ಸೀತಾಳೆ ಬೇರೆ, ದಡಾರ ಬೇರೆಯೇ. ದೇವೀರಿಗೆ ಹಿಂದೆ ಬಂದಿದ್ದು ಸಿಡುಬು, ನನಗೆ ಬಂದಿದ್ದು ಸೀತಾಳೆ. ಮೈ ತಾನು ಕಂಡ ಕಾಯಿಲೆಯನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ, ಒಂದಕ್ಕೆ ಪಡೆದ ಶಕ್ತಿ ಇನ್ನೊಂದಕ್ಕೆ ಬರುವುದಿಲ್ಲ. ದೇವೀರಿ ಅದಕ್ಕೆ ಮೊದಲು ಬೇರೆ ಮನೆಗಳಲ್ಲಿ ನೋಡಿಕೊಂಡಿದ್ದೆಲ್ಲ ದಡಾರವೇ ಇರಬೇಕು, ಅದೂ ಅವಳಿಗೆ ಸಣ್ಣವಳಿದ್ದಾಗಲೇ ಬಂದು ಹೋಗಿರಬಹುದು. ಮಕ್ಕಳಿಗೆ ವಾರದಲ್ಲಿ ಇಳಿಯುವ ಸೀತಾಳೆ ದೊಡ್ಡವರಿಗೆ ಕೆಲವೊಮ್ಮೆ ಶ್ವಾಸಕೋಶಕ್ಕೇ ಇಳಿಯುತ್ತದಂತೆ. ಹಾಗಾದರೆ ಅವಳಿಗೆ ಅದು ನನ್ನಿಂದಲೇ ಬಂತಾ ಎಂದು ಕೇಳಿದೆ. ನೀವಾಗ ಮಗು ಎಂದರು ಡಾಕ್ಟರು.

ಮೂರು ಕಾಯಿಲೆಗೆ ಒಂದೇ ಹೆಸರಿಟ್ಟಿದ್ದು ತಿಳಿಯದೆ ಆದ ತಪ್ಪು. ಅದನ್ನು ನಾನು ಮನ್ನಿಸುತ್ತೇನೆ. ಆದರೆ ಅವರದೇ ಕಟ್ಟಳೆಯ ಪ್ರಕಾರ ಆ ದಿನ ನಮ್ಮ ಮನೆಯಲ್ಲಿ ಬಂದು ಹೋದವರು ಇಬ್ಬರಿದ್ದೆವು, ಅಜ್ಜಿ ಮತ್ತು ನಾನು. ಲೈನಿನಿಂದ ನಮ್ಮ ಮನೆಗೆ ಹತ್ತಿ ಬರುತ್ತಿದ್ದ ಕಟ್ಟಳೆ ನಮ್ಮ ಮನೆಯಿಂದ ಲೈನಿಗೆ ಯಾಕೆ ಇಳಿಯಲಿಲ್ಲ? ನನ್ನ ಮುಖದ ಮೇಲೆ ಒಂದೂ ಕಲೆಯಿಲ್ಲ. ಎಷ್ಟು ನುಣುಪು ಎಂದು ಯಾರಾದರೂ ಹೊಗಳಿದರೆ ನಾನು ಮಾತು ಬದಲಿಸುತ್ತೇನೆ.

ದೇವೀರಿ ಹೋದ ಮುಂದಿನ ವಾರ ಅವಳ ಜಾಗಕ್ಕೆ ರತ್ನ ಕೆಲಸಕ್ಕೆ ಬಂದಳು. ಸ್ಕೂಲಿನ ಹಾಜರಿಯಲ್ಲಿ ರತ್ನ ಆಗಿದ್ದವಳು ಅಜ್ಜಿಯ ಬಾಯಲ್ಲಿ ಮೊದಲ ದಿನವೇ ರತ್ನಿಯಾದಳು. ಕಣದ ಮೂಲೆಯಲ್ಲಿ ಮೆಣಸು ಕೇರುತ್ತಿದ್ದವಳ ಪಕ್ಕ ಹೋಗಿ ನಿಂತೆ. ಬೆಂಚಿನ ಮೇಲೆ ನನ್ನ ಹತ್ತಿರ ಜಾಗ ಖಾಲಿಯಿದೆ ಎಂದೇನೋ ಹೇಳಿದೆ. ಅವಳು ಮೊರ ನಿಲ್ಲಿಸಿದಳು.

"ಶೈಲಾ, ನಿಂಗೆ ಬಂದು ಹೋಗಿತ್ತಲ್ಲ. ನೀನ್ಯಾಕೆ ಬರ್ಲಿಲ್ಲ?"

ನಾನು ಬಗ್ಗಿ ಕಾಲ ಬಳಿ ಚೆಲ್ಲಿದ್ದ ಮೆಣಸಿನ ಕಾಳು ಆರಿಸತೊಡಗಿದೆ. ಅವಳು ಮತ್ತೆ ಕೇರಲು ಹಿಡಿದಳು. ಮಾರನೆಯ ದಿನ ಹಿಂಬಾಗಿಲ ಮೆಟ್ಟಿಲ ಕೆಳಗೆ ನಿಂತು, "ಪುಟ್ಟವ್ವಾರೆ, ಮೊರ ಕೊಡಿ" ಎಂದು ಕೇಳಿದಳು. ಈಗಲೂ ಹಾನುಬಾಳಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ಮಕ್ಕಳು ಚೆನ್ನಾಗಿದಾರಾ ಎಂದು ನಗುತ್ತಾ ವಿಚಾರಿಸುತ್ತಾಳೆ. ಆದರೆ ಕಣದಲ್ಲಿ ಆ ಪ್ರಶ್ನೆ ಕೇಳಿದ ಮೇಲೆ ರತ್ನ ನನ್ನನ್ನು ನೀನು ಎಂದಿಲ್ಲ.