ಹರಿದು ಹಾಕಿದ ಚೀಟಿ ಪುಸ್ತಕ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಇಸ್ತ್ರಿ ಅಕ್ಕ ಅಂತ. ಇಪ್ಪತ್ತೆರಡು ವರ್ಷ ರೋಗಿಗಳ ಚಾದರ ತಿಕ್ಕಿ ತಿಕ್ಕಿ ಅಂಗೈ ಒರಟಾಗಿತ್ತು. ನಾಲಿಗೆಯೇನೂ ಅದಕ್ಕೆ ಕಮ್ಮಿ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ, ನೆಲಮಹಡಿಯಲ್ಲೊಂದು ಸ್ವಂತ ಮನೆ. ಮಂಡಿ ಸವೆದ ಗಂಡ ನಾಲ್ಕನೇ ಮಹಡಿಯ ಬಾಡಿಗೆ ಮನೆಯಿಂದ ಕೆಳಗಿಳಿಯದೆ ಎರಡು ವರ್ಷವಾಗಿತ್ತು.

ಅಂಥ ಮನೆ ಸಿಕ್ಕಿತು. ಮುಂಗಡದ ದುಡ್ಡೂ ಇತ್ತು. ಜೊತೆಯ ಹೆಂಗಸರು ಸೇರಿ ಹನ್ನೆರಡು ಮಂದಿ ಮೂರು ವರ್ಷ ಕಟ್ಟಿದ ಚೀಟಿಯಲ್ಲಿ ಕೊನೆಯ ಸರದಿ ಅವಳದು. ಬಂದ ನೋಟಿನ ಕಟ್ಟನ್ನು ಒಂದೇ ಸಲಕ್ಕೆ ಖಾತೆಗೆ ತುಂಬಿ, ಗೃಹಸಾಲಕ್ಕೆ ಅರ್ಜಿ ಹಾಕಿದಳು.

"ಇಷ್ಟು ದುಡ್ಡು ಎಲ್ಲಿಂದ ಬಂತಮ್ಮಾ?" ಅಂದ ಬ್ಯಾಂಕಿನ ಸಾಲದ ಅಧಿಕಾರಿ.

"ಚೀಟಿ ದುಡ್ಡು ಸಾರ್."

"ಅದಕ್ಕೊಂದು ಪುಸ್ತಕ ಇರ್ಬೇಕಲ್ಲ?"

ಇತ್ತು. ಆದರೆ ಆ ಹೆಂಗಸರಲ್ಲೊಂದು ಕಟ್ಟುಪಾಡು. ಚೀಟಿ ಮುಗಿದ ದಿನ, ಕೊನೆಯ ಸರದಿಯವಳು ಪುಸ್ತಕ ಹರಿದು ಹಾಕಬೇಕು. ಯಾರು ತಡ ಮಾಡಿದರು, ಯಾರು ಅತ್ತು ವಾಯಿದೆ ಕೇಳಿದರು ಅನ್ನುವುದನ್ನು ಮುಂದೆ ಯಾರೂ ಎತ್ತಿ ಆಡಬಾರದು. ನಗುನಗುತ್ತಲೇ ಅವಳು ಅದನ್ನು ಚೂರುಚೂರು ಮಾಡಿದ್ದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು.

"ಹಾಗಾದ್ರೆ ಹನ್ನೊಂದು ಜನರ ಹತ್ರಾನೂ ಬರೆಸಿ ಸಹಿ ಹಾಕಿಸ್ಕೊಂಡು ಬನ್ನಿ. ಶುಕ್ರವಾರದೊಳಗೆ. ಎಲ್ಲರ ಮನೆಗೂ ಫೋನ್ ಮಾಡಿ ವಿಚಾರಿಸ್ತೀವಿ. ಒಬ್ರು ಬಿಟ್ಟುಹೋದ್ರೂ ಆಗಲ್ಲ."

ಹತ್ತು ಮಂದಿ ಸಹಿ ಹಾಕಿದರು. ದಿಂಬಿನ ಗವಸು ಮಡಿಸುವವಳು ಮಾತ್ರ ಕಾಗದ ಮುಟ್ಟಲಿಲ್ಲ.

"ಅಕ್ಕಾ, ನನ್ನ ಸರದಿ ದುಡ್ಡಲ್ಲೇ ಮಗಳನ್ನ ಹಾಸ್ಟೆಲ್‌ಗೆ ಸೇರಿಸಿದ್ದು. ನಮ್ಮ ತವರಿನೋರು ಓದಿಸ್ತಿದಾರೆ ಅಂದ್ಕೊಂಡಿದಾರೆ ನಮ್ಮ ಯಜಮಾನ್ರು. ಫೋನ್ ಬಂದು, ಹುಡುಗಿ ಓದಿಗೆ ಮನೆ ದುಡ್ಡು ಹಾಕಿದೀನಿ ಅಂತ ಗೊತ್ತಾದ್ರೆ ಅವತ್ತೇ ಅವಳನ್ನ ಬಿಡಿಸ್ಕೊಂಡು ಬರ್ತಾರೆ."

ಇಸ್ತ್ರಿ ಅಕ್ಕನಿಗೆ ಕೆಂಡದಂಥ ಸಿಟ್ಟು ಬಂತು. ಬಾಯಿ ತೆರೆದಳು. ಎದುರಿಗಿದ್ದವಳು ಮಡಿಸಿದ ಗವಸನ್ನೇ ಬಿಚ್ಚಿ ಮತ್ತೆ ಮತ್ತೆ ಮಡಿಸುವುದು ಕಂಡು ಸಿಟ್ಟು ಇಳಿದುಹೋಯಿತು. "ಹೋಗ್ಲಿ ಬಿಡು," ಅಂದಳು.

ಶುಕ್ರವಾರ ಅಧಿಕಾರಿ ಹತ್ತು ಕಾಗದ ಎಣಿಸಿ, ಬೇಸರದಿಂದಲೇ ಹಿಂದಕ್ಕೆ ತಳ್ಳಿದ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು. ಮನೆಯ ಮಾಲೀಕ ಕೊಟ್ಟಿದ್ದ ಗಡುವೂ ಅಂದೇ ಮುಗಿದು, ಸಂಜೆಯೊಳಗೆ ಮನೆ ಬೇರೆಯವರ ಪಾಲಾಯಿತು. ಲೆಕ್ಕ ತೋರಿಸಲಾಗದ ಈ ದುಡ್ಡಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ, ಪುಸ್ತಕ ಉಳಿಸಿಕೊಂಡು ಇನ್ನೊಂದು ಚೀಟಿ ಕಟ್ಟಿ ಮುಗಿಸುವಷ್ಟು ಆಯುಸ್ಸು ತನ್ನ ಕೈಕಾಲಿಗೆ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಬದುಕೇ ಸಾಕಾಗಿತ್ತು.

ಮನೆಗೆ ಮೆಟ್ಟಿಲು ಹತ್ತುತ್ತಾ ಮೂರನೇ ಮಹಡಿ ದಾಟುತ್ತಿದ್ದಂತೆ ನೋಡುತ್ತಾಳೆ, ಗಂಡ ಮೆಟ್ಟಿಲ ಮೇಲೆ ಕಂಬಿ ಹಿಡಿದು ಕೂತಿದ್ದಾನೆ. ಮೈಯೆಲ್ಲ ಬೆವರು, ಮುಖದ ತುಂಬ ನಗು.

"ಒಂಬತ್ತು ಮೆಟ್ಟಿಲು ಇಳಿದೆ ಕಣೇ! ಹೊಸ ಮನೆಗೆ ಹೋಗೋ ದಿನ ಯಾರೂ ನನ್ನ ಹೊತ್ಕೊಂಡು ಇಳಿಸ್ಬಾರ್ದು ನೋಡು."

"ಏಳ್ರೀ, ಮೇಲೆ ಹೋಗೋಣ."

"ತಾಳೇ, ಇನ್ನೆರಡು ಇಳೀತೀನಿ."

ಅವಳು ಎರಡು ಮೆಟ್ಟಿಲು ಕೆಳಗೆ ಹೋಗಿ, ಕೈ ಚಾಚಿ ನಿಂತಳು.