ಜೇಬಿನ ಕೆಳಗಿನ ಬಣ್ಣ

ಕಳೆದ ತಿಂಗಳು ಕಂಪ್ಲಿಗೆ ಹೋಗಿದ್ದೆ, ಮಗಳ ಮನೆಯಲ್ಲಿ ತೀರಿಕೊಂಡ ಅತ್ತಿಯ ದಿವಸದ ಕಾರ್ಯಕ್ಕೆ. ಊಟಕ್ಕೆ ಎಲೆ ಹಾಕುವ ಮೊದಲು ಅವಳ ಮಗಳು ಒಳಗೆ ಕರೆದು, ಒಂದು ಅಲ್ಯುಮಿನಿಯಂ ತಗಡಿನ ತ್ರಿಕೋನವನ್ನು ನನ್ನ ಕೈಗಿಟ್ಟಳು. ಅಂಗೈಗಿಂತ ತುಸು ದೊಡ್ಡದು. ಅರದಿಂದ ಉಜ್ಜಿ ನುಣುಪು ಮಾಡಿದ ಅಂಚು, ಅಂಚಿನಿಂದ ಕಾಲಿಂಚು ಒಳಗೆ ಮೊಳೆಯಿಂದ ಗೀಚಿದ ಗೆರೆ. ಆ ಗೆರೆಯೊಳಗೆ ಬಳಪದ ಪುಡಿ ಇನ್ನೂ ಕೂತಿತ್ತು. ಮೂಗಿನ ಹತ್ತಿರ ಹಿಡಿದೆ. ಬಳಪ, ತಗಡು, ಸ್ವಲ್ಪ ಮಷಿನ್ ಎಣ್ಣೆ... ಅಷ್ಟಕ್ಕೇ ನನ್ನ ಬೆರಳುಗಳು ತಾವಾಗಿ ಆ ಗೆರೆಗುಂಟ ಸರಿದವು. ನಲವತ್ತು ವರ್ಷ ಕಳೆದರೂ ಬೆರಳಿಗೆ ಮರೆವು ಬಂದಿಲ್ಲ.

ಅತ್ತೆಯನ್ನು ನಮ್ಮ ಕಡೆ ಅತ್ತಿ ಎನ್ನುತ್ತೇವೆ, ಆದರೆ ಇವಳು ನೆಂಟಳಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಎದುರುಮನೆಯಾಕೆ. ಅವಳ ಗಂಡ, ನಾನು ಮಾವ ಎನ್ನುತ್ತಿದ್ದವರು, ಯಶವಂತನಗರದ ಕಡೆಯ ಒಂದು ಗಣಿಯಲ್ಲಿ ಫಿಟ್ಟರ್. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು. ಬರುವಾಗ ಜೊತೆಯವರು ಬಿಸಾಡಿದ ಖಾಕಿ ಅಂಗಿಗಳ ಗಂಟೊಂದು ಬಗಲಲ್ಲಿ. ಅತ್ತಿ ಅವುಗಳ ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದಳು. ನಾನಾಗ ಬಿ.ಎಸ್ಸಿ. ಎರಡನೇ ವರ್ಷ. ನಮ್ಮ ಓಣಿಯಿಂದ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಅದಕ್ಕೇ ಅತ್ತಿ ನನ್ನ ಹೆಸರು ಬಿಟ್ಟು 'ಕಾಲೇಜು' ಎಂದೇ ಕರೆಯುತ್ತಿದ್ದಳು.

"ಬಾ ಲೇ ಕಾಲೇಜು, ಕುಂದ್ರು. ದಾರ ಪೋಣಿಸಿ ಕೊಡು. ಅಷ್ಟರ ಕಲಿಸ್ಯಾರಿಲ್ಲೋ ನಿಮ್ಮ ಮಾಸ್ತರು?"

ನಮ್ಮಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತ. ಕಾಲುವೆ ನೀರಿನಿಂದ ಕೈತುಂಬಿದ್ದ ಕಂಪ್ಲಿ ಕಡೆಯ ಗದ್ದೆಯವರು ಟ್ರ್ಯಾಕ್ಟರ್ ಕೊಂಡಿದ್ದರು, ತಾರಸಿ ಮನೆ ಕಟ್ಟಿಸಿದ್ದರು. ಅಂಥ ಮನೆಗಳಿಂದ ನನಗೆ ಸಂಬಂಧಗಳು ಬರತೊಡಗಿದ್ದವು. ಕಾಲೇಜು ಬಿಡಿಸಲು ಅಪ್ಪನಿಗೆ ಒಂದು ನೆಪ ಬೇಕಿತ್ತು. ಬರುವುದು ತಡವಾದರೆ ಕಾಲೇಜಿನ ಮೇಲೆ ಮಾತು, ಸಾರಿಗೆ ಉಪ್ಪು ಹೆಚ್ಚಾದರೂ ಕಾಲೇಜಿನ ಮೇಲೇ ಮಾತು. ಪದವಿ ಮುಗಿಸಬೇಕೆನ್ನುವುದೊಂದು ಬಿಟ್ಟರೆ ನನಗೆ ಆಗ ಬೇರೆ ಆಸೆಯೇ ಇರಲಿಲ್ಲ. ಅದು ಯಾವ ದಿನ ಕೈತಪ್ಪುತ್ತದೋ ಎಂದು ಕಾಯುವಂತಾಗಿತ್ತು.

ಅತ್ತಿಯ ಮಗಳನ್ನೂ ಕಂಪ್ಲಿಗೇ ಕೊಟ್ಟಿದ್ದರು. ಆಕೆ ಚೊಚ್ಚಲ ಬಸುರಿ. ಬೀಗಿತ್ತಿ ಒಮ್ಮೆ ಬಂದವಳು ಗೋಡೆಗೆ ಒಟ್ಟಿದ್ದ ಕೌದಿಗಳನ್ನು ನೋಡಿ, "ನಮ್ಮನ್ಯಾಗ ಈಗ ಚಿಂದಿ ಯಾರೂ ಹೊದಿಯಂಗಿಲ್ಲ ಬಿಡ್ರಿ, ಎಲ್ಲಾರಿಗೂ ಸೊಲ್ಲಾಪುರದ ಚಾದರ" ಎಂದಿದ್ದಳು. ಅತ್ತಿ ನಗುನಗುತ್ತಲೇ ಚಾ ಕುಡಿಸಿ ಕಳಿಸಿದಳು. ಮರುದಿನ ನನಗೆ ಹೇಳಿದಳು: "ಕೂಸಿಗೆ ಗಿರಗಿಟ್ಲಿ ಕೌದಿ ಮಾಡ್ತೀನಿ. ಆಕಿ ಚಾದರದ ಮ್ಯಾಲೆ ಅದು ತಿರುಗಲಿ."

ಮಕ್ಕಳು ಕಡ್ಡಿಗೆ ಸಿಕ್ಕಿಸಿ ಗಾಳಿಗೆ ಹಿಡಿಯುತ್ತಾರಲ್ಲ, ಆ ಕಾಗದದ ಚಕ್ರವೇ ಗಿರಗಿಟ್ಲಿ. ಬಟ್ಟೆಯಲ್ಲಿ ಅದು ತಿರುಗಿದಂತೆ ಕಾಣಬೇಕಾದರೆ ಎರಡು ಬಣ್ಣ ಬೇಕು, ಒಂದು ಗಾಢ, ಒಂದು ತೆಳು. ಅತ್ತಿಯ ಹತ್ತಿರ ಇದ್ದದ್ದು ಖಾಕಿಯೊಂದೇ. ಅವಳು ಅಂಗಿಯ ಜೇಬು ಬಿಚ್ಚಿ ತೋರಿಸಿದಳು. ಬಿಸಿಲು, ಬೆವರು, ಒಗೆಯುವ ಸೋಡಾ ತಿಂದು ಅಂಗಿಯೆಲ್ಲ ಬಿಳಚಿಕೊಂಡಿದ್ದರೂ ಜೇಬಿನ ಕೆಳಗಿನ ಚೌಕ ಮಾತ್ರ ಅಂಗಡಿಯಿಂದ ತಂದ ದಿನದ ಹಾಗೆಯೇ ಇತ್ತು. ಎರಡು ಜೇಬಿನ ಒಂದು ಅಂಗಿಯಲ್ಲಿ ನಾಲ್ಕು ಗಾಢ ತ್ರಿಕೋನ. ಬೆನ್ನಿನ ಬಟ್ಟೆಯಲ್ಲಿ ನಾಲ್ಕು ತೆಳು ತ್ರಿಕೋನ. ಒಂದು ಅಂಗಿಗೆ ಒಂದು ಗಿರಗಿಟ್ಲಿ. ಹೀಗೆ ಒಂಬತ್ತು ಬೇಕಿತ್ತು.

ಎಲ್ಲ ತ್ರಿಕೋನಗಳೂ ಒಂದೇ ಅಳತೆಗೆ ಬರಲೆಂದು ಮಾವ ತಗಡು ಕತ್ತರಿಸಿ ತ್ರಿಕೋನದ ಅಳತೆಪಟ್ಟಿ ಮಾಡಿಕೊಟ್ಟರು. ಮೊದಲ ಪಟ್ಟಿ ಕೆಟ್ಟಿತು. ಹೊಲಿಗೆಗೆ ಜಾಗ ಬಿಟ್ಟಿರಲಿಲ್ಲ. ಜೋಡಿಸಿದಾಗ ಚೂಪು ತುದಿಗಳೆಲ್ಲ ಹೊಲಿಗೆಯೊಳಗೆ ಹೋದವು. "ಗಿರಗಿಟ್ಲಿ ಮೂಗು ಕೊಯ್ಕೊಂಡು ಕುಂತೈತಿ" ಎಂದಳು ಅತ್ತಿ. ನಾನು ನೋಟ್‌ಬುಕ್ ತೆಗೆದು ಕೂತೆ. ಮೂರೂ ಕಡೆ ಕಾಲಿಂಚು ಬಿಟ್ಟರೆ ಓರೆ ಅಂಚಿನ ಕಡೆ ಮೂಲೆ ಇನ್ನೂ ದೂರ ಸರಿಯುತ್ತದೆ; ಮೂರಿಂಚಿನ ಬದಿಗೆ ಎರಡು ತುದಿಯಲ್ಲೂ ಕಾಲು ಕಾಲು ಸೇರಿಸಿದರೆ ಸಾಲದು, ಒಟ್ಟು ಮುಕ್ಕಾಲಿಂಚಿನ ಮೇಲೆ ಚೂರು ಬೇಕು. ಲೆಕ್ಕ ಮಾಡಿ ಮಾವನಿಗೆ ಕೊಟ್ಟೆ. ಮುಂದಿನ ಶನಿವಾರ ಬಂದ ಪಟ್ಟಿಯಿಂದ ಕತ್ತರಿಸಿದ ಎಂಟು ತುಂಡುಗಳ ತುದಿಗಳು ನಡುವೆ ಒಂದೇ ಚುಕ್ಕೆಯಲ್ಲಿ ಕೂಡಿದವು. ಅತ್ತಿ ಆ ಚುಕ್ಕೆಯನ್ನು ಉಗುರಿನಿಂದ ಸವರಿ ಸವರಿ ನೋಡಿದಳು. ಅವತ್ತಿನಿಂದ ನನ್ನ ಮಾತೆಂದರೆ ಅವಳಿಗೆ ಬರೆದಿಟ್ಟ ಮಾತು. ನನಗೂ ಹಾಗೇ ಅನ್ನಿಸತೊಡಗಿತ್ತು...

ಎಂಟು ಗಿರಗಿಟ್ಲಿ ಆಗಿದ್ದವು. ಒಂಬತ್ತನೆಯ ಅಂಗಿಯನ್ನು ಬಿಚ್ಚುತ್ತ ನಾವಿಬ್ಬರೂ ಪಡಸಾಲೆಯಲ್ಲಿ ಕೂತಿದ್ದೆವು. ಶನಿವಾರ, ಮಾವ ಬರುವ ಹೊತ್ತು. ಗಣಿಯ ಅಂಗಿಗಳ ಜೇಬನ್ನು ಅತ್ತಿ ಒಗೆಯುವ ಮೊದಲೇ ಬಿಚ್ಚುತ್ತಿದ್ದಳು, ಇಲ್ಲದಿದ್ದರೆ ಕೆಂಪು ಧೂಳು ಹೊಲಿಗೆಯಲ್ಲಿ ಕೆಸರಾಗಿ ಕೂರುತ್ತಿತ್ತು. ಜೇಬಿನೊಳಗೆ ಪೆನ್ನು ಸಿಕ್ಕಿಸಲು ಹೊಲಿದಿದ್ದ ಇಕ್ಕಟ್ಟು ಸಂದಿಯಿಂದ ಸಣ್ಣ ಬೆಳ್ಳನೆಯ ಕೊಳವೆಯೊಂದು ಜಾರಿ ಬಂತು. ಕಿರುಬೆರಳಿಗಿಂತ ಸಪೂರ. ಒಂದು ತುದಿ ಮುಚ್ಚಿತ್ತು, ಇನ್ನೊಂದು ತೆರೆದಿತ್ತು.

"ಏನಿದು, ನೋಡು. ನೀ ಓದಿದಾಕಿ."

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಪೆನ್ನಿನ ಕ್ಯಾಪು, ಅತ್ತಿ."

"ಚಲೋ ಐತಿ. ಸೂಜಿ ಇಡಾಕ ಬರತೈತಿ."

ಒಳಗೆ ಮಣ್ಣಿನಂಥದು ಗಟ್ಟಿಯಾಗಿ ಕೂತಂತೆ ಕಂಡಿತು. ಕೆರೆದು ತೆಗೆಯೋಣವೆಂದು ನಾನು ಅವಳ ಕೌದಿ ಸೂಜಿಯನ್ನು ಎತ್ತಿಕೊಂಡೆ. ತುದಿಯನ್ನು ಕೊಳವೆಯ ಬಾಯಿಗೆ ಹಿಡಿದೆ. ಎಡಗೈ ಹೆಬ್ಬೆರಳು ಕೊಳವೆಯ ಮೇಲಿತ್ತು, ಮುಖ ಅದರ ಮೇಲೆ ಬಾಗಿತ್ತು... ಅತ್ತಿ ಟಪ್ಪನೆ ನನ್ನ ಮುಂಗೈಗೆ ಹೊಡೆದು ಸೂಜಿ ಕಸಿದುಕೊಂಡಳು.

"ಮಣ್ಣು ಕೆರಿಯಾಕ ನನ್ನ ಸೂಜಿನೇ ಬೇಕಾತೇನು? ಮೊಂಡ ಮಾಡಿಟ್ಟೀ ಅಂದ್ರ ನಿಮ್ಮವ್ವ ಕೊಡಸ್ತಾಳೇನು? ಕಡ್ಡಿ ತಗೊಂಬಾ ಹೋಗು."

ಕೊಳವೆಯನ್ನು ಅಂಗಿಯ ಮೇಲಿಟ್ಟು ಕಸಬರಿಗೆಯ ಕಡ್ಡಿ ತರಲು ಎದ್ದೆ. ಅಷ್ಟರಲ್ಲಿ ಮಾವ ಬಂದರು. ಬಾಗಿಲಲ್ಲಿ ಒಂದು ಕಾಲಿನ ಚಪ್ಪಲಿ ಬಿಟ್ಟವರು ಇನ್ನೊಂದನ್ನು ಬಿಡಲೇ ಇಲ್ಲ.

"ಅದೇನದು?"

"ಕ್ಯಾಪಂತ" ಎಂದಳು ಅತ್ತಿ.

"ಹೌದು, ಕ್ಯಾಪು." ಮಾವನ ದನಿ ಬಹಳ ಸಣ್ಣಗಿತ್ತು. "ಕಲ್ಲು ಹಾರಸೋ ಕ್ಯಾಪು. ಇಬ್ರೂ ಹೊರಗ ನಡೀರಿ. ಸಾವಕಾಶ. ಏನೂ ಮುಟ್ಟಬ್ಯಾಡ್ರಿ."

ಬಂಡೆ ಸಿಡಿಸುವ ಡಿಟೋನೇಟರಿಗೆ ಗಣಿಯವರು ಕ್ಯಾಪು ಎಂದೇ ಅನ್ನುತ್ತಾರೆಂದು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಅತ್ತಿ ಹೇಗೆ ಎದ್ದಳೋ, ಇಬ್ಬರೂ ಹೊಸ್ತಿಲು ಹೇಗೆ ದಾಟಿದೆವೋ ನೆನಪಿಲ್ಲ. ಮಾವ ಆಚೀಚೆ ಮನೆಯವರನ್ನೂ ಹೊರಗೆ ಕಳಿಸಿ, ಸೈಕಲ್ ಹತ್ತಿ ಹೋಗಿ, ಆ ಕೆಲಸ ಬಲ್ಲ ಒಬ್ಬರನ್ನು ಕರೆತಂದರು. ಅವರು ಒಳಗೆ ಹೋಗಿ ಬಂದು, ಅದನ್ನು ಊರ ಹೊರಗೆ ಒಯ್ದರು. "ಸೂಜಿ ಗೀಜಿ ತಗಲಿಸಿದ್ರೇನು?" ಎಂದು ಹೋಗುವಾಗ ಕೇಳಿದರು. ನಾನು ಅತ್ತಿಯ ಬೆನ್ನ ಹಿಂದೆ ಸರಿದೆ.

ಓಣಿಯೆಲ್ಲ ಸೇರಿತ್ತು. ಕಾರ್ಖಾನೆಯಿಂದ ಬಂದ ಅಪ್ಪ ಗುಂಪು ಸರಿಸಿಕೊಂಡು ಬಂದ. ನನ್ನ ಮುಖ ನೋಡಿಯೇ ಅರ್ಧ ತಿಳಿದಿರಬೇಕು.

"ಇದನ್ನೇನು ನಿನ್ನ ಕಾಲೇಜು ಕಲಿಸಿದ್ದು?" ಎಂದ.

ಮುಗಿಯಿತು ಎಂದುಕೊಂಡೆ. ಆಗ ಅತ್ತಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಅಣ್ಣಾರ, ಆಕಿಗೆ ಏನೂ ಅನಬ್ಯಾಡ್ರಿ. ನಾ ಏನಂತ ಕೇಳಿದೆ. ನೋಡಿದ ಕೂಡ್ಲೇ 'ಕ್ಯಾಪು' ಅಂದ್ಲು ನಿಮ್ಮ ಮಗಳು. ಸೂಜಿ ಒಳಗ ಹೋಗೋದು ಅಲ್ಲಿಗೇ ನಿಂತಿತು. ನಾವು ಓದಲಾರದೋರು, ನಮಗೇನು ತಿಳೀತೈತ್ರಿ?"

ಮಾವ ತಲೆಯಾಡಿಸಿದರು, ಅವರು ಕೇಳಿದ್ದೂ ಅದೇ ಮಾತು. ಜನ ನನ್ನತ್ತ ತಿರುಗಿ ನೋಡಿದರು. ಅಪ್ಪ ನನ್ನನ್ನು ಮುಂದೆ ಮಾಡಿಕೊಂಡು ಮನೆಗೆ ನಡೆದ. ಆ ವಾರವೇ ಬಂದ ಒಂದು ಸಂಬಂಧದವರಿಗೆ, "ಓದು ಮುಗೀಲಿ, ಆಮ್ಯಾಲೆ ನೋಡೋಣ" ಎಂದು ಹೇಳಿ ಕಳಿಸಿದ.

ಮರುದಿನ ಹೋದಾಗ ಅತ್ತಿ ಅದೇ ಅಂಗಿಯ ಜೇಬಿನ ಚೌಕವನ್ನು ಒಗೆದು ಒಣಗಿಸಿ, ಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದಳು. ನಾನು ಕಂಬದ ಹತ್ತಿರವೇ ನಿಂತೆ.

"ಅರಿವಿ ಏನು ಮಾಡೈತಿ? ಬಾ, ಕುಂದ್ರು."

"ಅತ್ತಿ, ನಾ ಅಂದಿದ್ದು ಪೆನ್ನಿನ ಕ್ಯಾಪು."

"ಹೌದು."

"ಸೂಜಿ ಹಾಕಾಕ ಹೋದಾಕಿ ನಾನು. ನೀ ಅಪ್ಪನ ಮುಂದ..."

"ಸುಳ್ಳೇನರ ಹೇಳಿದ್ನೇನು? ಕ್ಯಾಪು ಅಂದಿ, ಅಂದಿ. ಸೂಜಿ ನಿಂತಿತು, ನಿಂತಿತು. ನಡುವ ಒಂದು ಮಾತು ಹೊಲಿಗ್ಯಾಗ ಹೋತು, ಅಷ್ಟ." ಅವಳು ತಲೆ ಎತ್ತಲಿಲ್ಲ. "ಪಟ್ಟಿ ಗಟ್ಟಿ ಹಿಡಿ. ನಡುಗಬ್ಯಾಡ ಲೇ, ಅರಿವಿ ಸರೀತೈತಿ."

ಆದರೆ ಅವಳ ಬಳಪವೂ ನೆಟ್ಟಗೆ ಓಡಲಿಲ್ಲ. ಗೆರೆ ಮೂರು ಸಲ ಅಳಿಸಿ ಎಳೆದಳು.

ಕೌದಿ ಕಂಪ್ಲಿಗೆ ಹೋಯಿತು. ಬೀಗಿತ್ತಿ ಅದನ್ನು ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತಾಳೆಂದು ಸುದ್ದಿ ಬಂತು. ಅತ್ತಿ ಕ್ಯಾಪಿನ ಕಥೆಯನ್ನು ಹೋದಲ್ಲೆಲ್ಲ ಹೇಳಿದಳು. ಯಾರಾದರೂ ಹೆಣ್ಣುಮಗಳ ಓದು ನಿಲ್ಲಿಸುವ ಮಾತೆತ್ತಿದರೆ ತಾನಾಗಿಯೇ ಹೋಗಿ ಹೇಳುತ್ತಿದ್ದಳಂತೆ. ನಾನು ಪದವಿ ಮುಗಿಸಿದೆ, ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ, ಆ ಊರು ಈ ಊರು ವರ್ಗವಾಗಿ ತಿರುಗಿದೆ. ಅತ್ತಿಯನ್ನು ನೋಡಲು ಹೋಗುವುದು ವರ್ಷಕ್ಕೊಮ್ಮೆಯಾಯಿತು, ಆಮೇಲೆ ಅದೂ ಇಲ್ಲ... ಆದರೆ ತರಗತಿಯಲ್ಲಿ ಯಾವ ಮಗುವಾದರೂ ಪೆನ್ನಿನ ಕ್ಯಾಪು ಕಚ್ಚುತ್ತ ಕೂತರೆ ನನ್ನ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಆ ಮಧ್ಯಾಹ್ನ ನನ್ನೊಳಗೆ ಇನ್ನೂ ನಡೆಯುತ್ತಲೇ ಇದೆ. ಕೆಲವು ಸಲ ಅದರಲ್ಲಿ ಅತ್ತಿ ಸೂಜಿಯ ಮೇಲೆ ಅಷ್ಟು ಜಿಪುಣತನ ತೋರುವುದಿಲ್ಲ. ಕೆಲವು ಸಲ ಮಾವನ ಬಸ್ಸು ತಡವಾಗುತ್ತದೆ, ನಾನು ಕಡ್ಡಿ ಹಿಡಿದು ವಾಪಸು ಬರುತ್ತೇನೆ.

ಕಂಪ್ಲಿಯಲ್ಲಿ ಅವತ್ತು ಊಟದ ಸಾಲಿನಲ್ಲಿ ನನ್ನನ್ನು ಕೂರಿಸಿ, ಅತ್ತಿಯ ಮೊಮ್ಮಗಳು ಎಲ್ಲರಿಗೂ ಹೇಳಿದಳು: "ನಮ್ಮ ಅಜ್ಜಿ ಜೀವ ಉಳಿಸಿದೋರು ಇವರೇ ನೋಡ್ರಿ. ಇವರ ಕಥಿ ಹೇಳೇ ಅಜ್ಜಿ ನನ್ನ ಡಿಗ್ರಿ ಓದಿಸಿದ್ದು."

ಇನ್ನು ಸಾಕು ಅನ್ನಿಸಿತು. "ಉಳಿಸಿದಾಕಿ ನಾನಲ್ಲವ್ವ. ಅದನ್ನ ಪೆನ್ನಿನ ಕ್ಯಾಪು ಅಂದಾಕಿ ನಾನು, ಸೂಜಿ ಚುಚ್ಚಾಕ ಹೋದಾಕಿನೂ ನಾನು. ನಿಮ್ಮ ಅಜ್ಜಿನೇ ಕೈಗೆ ಹೊಡೆದು ಕಸಗೊಂಡಳು" ಎಂದೆ.

ಗೋಡೆಗೊರಗಿ ಕೂತಿದ್ದ, ಈಗ ಹಣ್ಣಾದ ಬೀಗಿತ್ತಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ನೋಡ್ರಿ, ಓದಿದೋರು ಅಂದ್ರ ಹಿಂಗಿರಬೇಕು. ತಮ್ಮ ದೊಡ್ಡತನ ತಾವು ಹೇಳ್ಕೊಳ್ಳಂಗಿಲ್ಲ." ಎಲ್ಲರೂ ಹೌದು ಹೌದು ಎಂದರು. ಎಲೆಗೆ ಅನ್ನ ಬಂತು.

ನಾನು ಹೇಳಿದ್ದು ನಿಜವೆನ್ನಲು ಒಬ್ಬಳಿದ್ದಳು. ಅವಳ ದಿವಸದ ಊಟಕ್ಕೇ ನಾನು ಕೂತಿದ್ದೆ.